ಊರ ಸಾರೆಲ್ಲ ಕೇಳಿದ ಅಕ್ಕ

ಅವರ ಎಡ ಅಂಗೈಯ ಗುಳಿಯಲ್ಲಿ ಯಾವಾಗಲೂ ಒಂದು ಹಳದಿ ಕಲೆ ಇರುತ್ತಿತ್ತು. ಕಾಸಗಲದ್ದು, ಅಂಚು ಮಾಸಿದ್ದು. ಕುದಿಯುವ ಸಾರನ್ನು ಸೌಟಿನ ತುದಿಯಿಂದ ಅಂಗೈಗೆ ಬಿಟ್ಟುಕೊಂಡು, ಊದದೆ ಸರ್ರನೆ ಹೀರಿ, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನೆ ನಿಲ್ಲುವುದು ಅವರ ಅಭ್ಯಾಸ. ಹಾಗೆ ದಿನವೂ ಬಿದ್ದ ಅರಿಸಿನ ಅಲ್ಲೇ ಮನೆ ಮಾಡಿಕೊಂಡಿತ್ತು. ಸೋಪು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. "ಇದು ಮದ್ವೆ ಗೋರಂಟಿಗಿಂತ ಗಟ್ಟಿ ಕಣವ್ವ, ಅದು ವಾರಕ್ಕೇ ಓಯ್ತು" ಎಂದು ಕೈ ತೋರಿಸಿ ನಗುತ್ತಿದ್ದರು.

ಕೊಳ್ಳೇಗಾಲದಲ್ಲಿ ನಾನು ಬಾಡಿಗೆಗಿದ್ದ ಮನೆಯ ಎದುರಿನ ಮನೆ ಅವರದು. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಆದರೆ ಬೀದಿಯೆಲ್ಲ ಅವರನ್ನು ಅಕ್ಕ ಎನ್ನುತ್ತಿತ್ತು, ನಾನೂ ಅಕ್ಕ ಎಂದೆ. ತವರು ಲೊಕ್ಕನಹಳ್ಳಿ. ಗಂಡ ಮಾದಪ್ಪನ ಬೆಟ್ಟಕ್ಕೆ ಜನರನ್ನು ಕರೆದೊಯ್ಯುವ ಟೆಂಪೊ ಓಡಿಸುತ್ತಿದ್ದರು. ಮಕ್ಕಳಿರಲಿಲ್ಲ. ನನಗೆ ಆಗಷ್ಟೇ ಕಾಮಗೆರೆಯ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಹನೂರಿನ ಬಸ್ಸು ಹತ್ತಿ ಹೋಗಿ ಸಂಜೆ ಬರುತ್ತಿದ್ದೆ. ಒಬ್ಬಳೇ ಇದ್ದುದರಿಂದ ಅಡುಗೆ ಎಂದರೆ ಕುಕ್ಕರಿಗೆ ಅಕ್ಕಿ ಬೇಳೆ ಸುರಿದು ಸೀಟಿ ಎಣಿಸುವುದು, ಅಷ್ಟೆ.

ಬಂದ ಎರಡನೇ ಸಂಜೆ, ನಾನು ಬೀಗ ತೆಗೆಯುತ್ತಿದ್ದಾಗ ಎದುರು ಜಗುಲಿಯಿಂದ ದನಿ ಬಂತು.

"ಏನ್ ಸಾರು ಟೀಚರವ್ವ ಇವತ್ತು?"

ನಮ್ಮ ಕಡೆ ಎಲ್ಲರೂ ಎಲ್ಲರನ್ನೂ ಕೇಳುವ ಮಾತು ಅದು. ನಮಸ್ಕಾರದ ಬದಲಿಗೆ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ನಾನೂ "ತಿಳಿಸಾರು" ಎಂದು ಬಾಗಿಲು ತಳ್ಳಿದೆ. ಆದರೆ ಅವರು ಉತ್ತರಕ್ಕಾಗಿಯೇ ಕೇಳಿದ್ದರು.

"ಯಾವ ಬ್ಯಾಳೆ ಆಕ್ದೆ?"

"ತೊಗರಿ."

"ಬೆಳ್ಳುಳ್ಳಿ ಜಜ್ಜಿದ್ಯಾ, ಇಡೀದಾ?"

"ಹಾಕೋದೇ ಇಲ್ಲ ಅಕ್ಕ. ನಮ್ಮ ಮನೆಯಲ್ಲಿ ಮೆಣಸು ಜೀರಿಗೆ ಮಾತ್ರ."

"ಬೆಳ್ಳುಳ್ಳಿ ಇಲ್ದೆ ತಿಳಿಸಾರು!" ಅವರು ಜಗುಲಿ ಇಳಿದು ಬೀದಿ ದಾಟಿಯೇ ಬಂದುಬಿಟ್ಟರು. "ಮತ್ತೆ ಒಗ್ಗರಣೇಲಿ ಏನು? ತುಪ್ಪವಾ ಎಣ್ಣೇನಾ? ಮೆಣಸು ಹುರೀತೀರಾ, ಅಸೀದೇ ಕುಟ್ತೀರಾ?"

ಪೊಲೀಸ್ ಠಾಣೆಯಲ್ಲಿ ನಿಂತ ಹಾಗಾಯಿತು ನನಗೆ. ಎಲ್ಲಕ್ಕೂ ಉತ್ತರ ಕೊಟ್ಟು ತಪ್ಪಿಸಿಕೊಂಡೆ. ಮರುದಿನ ಸಂಜೆ ಮುಚ್ಚಳದ ಬಟ್ಟಲು ಹಿಡಿದು ಬಂದರು. "ನೀ ಯೋಳ್ದಂಗೇ ಮಾಡೀವ್ನಿ. ಇದೇನಾ ನೋಡು." ಕುಡಿದೆ. ಅದು ನಮ್ಮ ಮನೆಯ ಸಾರಿನ ಬಾಗಿಲವರೆಗೆ ಬಂದು ನಿಂತಿತ್ತು, ಒಳಗೆ ಬಂದಿರಲಿಲ್ಲ. ಹಾಗೆಂದು ಹೇಳಿದರೆ ಬೇಸರಪಟ್ಟಾರೇನೋ ಎಂದು ಅಳುಕುತ್ತಲೇ ಹೇಳಿದೆ. ಅವರಿಗೆ ಖುಷಿಯೋ ಖುಷಿ. "ಹೌದಾ? ಎಲ್ಲಿ ತಪ್ತು? ಯೋಚ್ನೆ ಮಾಡಿ ಯೋಳು!"

ಮುಂದಿನ ವರ್ಷಗಳಲ್ಲಿ ನನಗೆ ಅರ್ಥವಾದದ್ದು ಇಷ್ಟು: ಅಕ್ಕನಿಗೆ ತಮ್ಮ ಅಡುಗೆಯನ್ನು ಹೊಗಳಿಸಿಕೊಳ್ಳುವ ಆಸೆಯೇ ಇರಲಿಲ್ಲ. ಬೇರೆಯವರ ಮನೆಯ ಒಲೆಯ ಮೇಲೆ ಏನಿದೆ, ಯಾಕೆ ಹಾಗಿದೆ ಎಂಬುದೇ ಅವರ ಹಸಿವು. "ಅದೇ ಕಾಳು, ಅದೇ ನಲ್ಲಿ ನೀರು. ಮನೆ ಮನೆಗೂ ಬ್ಯಾರೆ ಸಾರು ಆಯ್ತದಲ್ಲ, ಸೋಜಿಗ ಅಲ್ವಾ?" ಎನ್ನುತ್ತಿದ್ದರು. ಒಮ್ಮೆ ಕಾಮಗೆರೆಯ ಆಸ್ಪತ್ರೆಗೆ ಮಂಡಿ ನೋವು ತೋರಿಸಲು ನನ್ನ ಜೊತೆಗೇ ಬಸ್ಸು ಹತ್ತಿದರು. ಪಕ್ಕದಲ್ಲಿ ತಮಿಳುನಾಡಿನ ಕಡೆಯಿಂದ ಬೆಟ್ಟಕ್ಕೆ ಹೊರಟ ಒಬ್ಬ ಹೆಂಗಸು. ಗಡಿಯ ಹಳ್ಳಿಯಲ್ಲಿ ಬೆಳೆದ ಅಕ್ಕನಿಗೆ ಒಂದಿಷ್ಟು ತಮಿಳು ಬರುತ್ತಿತ್ತು. ಆ ಹೆಂಗಸು ಸುಂಡೆಕಾಯಿ ಒಣಗಿಸಿ ಕೊಳಂಬು, ಅಂದರೆ ತಮ್ಮ ಕಡೆಯ ಹುಳಿಸಾರು, ಮಾಡುವ ಬಗೆ ಹೇಳತೊಡಗಿದರು. ಕಾಮಗೆರೆ ಬಂತು. ನಾನು ಇಳಿದು "ಅಕ್ಕಾ, ಇಳೀರಿ" ಎಂದು ಕಿಟಕಿ ಬಡಿದೆ. ಅವರು ಕೈ ಎತ್ತಿ ತಡಿ ಎಂದರು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಕೊಳಂಬು ಒಲೆಯಿಂದ ಇಳಿದದ್ದು, ಅಕ್ಕ ಬಸ್ಸಿನಿಂದ ಇಳಿದದ್ದು ಎರಡೂ ಹನೂರಿನಲ್ಲಂತೆ. ಸಂಜೆ ಮಂಡಿ ನೋವಿನ ಜೊತೆಗೇ ವಾಪಸು ಬಂದಿದ್ದರು, ಮುಖದಲ್ಲಿ ಮಾತ್ರ ಬೆಟ್ಟದ ದರ್ಶನವಾದ ಕಳೆ.

ಬೀದಿಯ ಹೆಂಗಸರೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪಿನ ಜೀವವೂ ಅವರೇ. ಮಧ್ಯಾಹ್ನ ಒಂದು ಗಂಟೆಗೆಲ್ಲ ತಟ್ಟೆಗಳ ಫೋಟೊ ಬೀಳಲು ಶುರು. ಒಬ್ಬರದು ಕೀರೆಸೊಪ್ಪಿನ ಮಸ್ಸೊಪ್ಪು, ಇನ್ನೊಬ್ಬರದು ಬದನೆಕಾಯಿ ಗೊಜ್ಜು, ಭಾನುವಾರವಾದರೆ ಮೂರು ಮನೆಯ ಕೋಳಿ ಸಾರು. ಉಳಿದವರು ಹೂವಿನ ಚಿತ್ರ, ಕೈಮುಗಿದ ಚಿತ್ರ ಹಾಕಿ ಮುಗಿಸುತ್ತಿದ್ದರು. ಅಕ್ಕ ಮಾತಾಡಿ ಕಳಿಸುತ್ತಿದ್ದರು. "ಆ ಬದ್ನೆಕಾಯ ಯಾಕಮ್ಮಿ ಉದ್ದಕ್ಕೆ ಸೀಳಿದ್ದೀಯ? ನಿಮ್ಮತ್ತೆ ದುಂಡ್ಗೆ ಎಚ್ತಿದ್ರಲ್ಲ?" ಅವರು ಕಳಿಸುವ ಫೋಟೊಗಳಲ್ಲಿ ಅರ್ಧ ಅವರ ಹೆಬ್ಬೆರಳೇ ಇರುತ್ತಿತ್ತು. ಹನೂರಿನಲ್ಲಿರುವ ಅವರ ನಾದಿನಿ, ಅಂದರೆ ಗಂಡನ ತಂಗಿ, ಆ ಗುಂಪಿನಲ್ಲಿದ್ದ ಒಬ್ಬರೇ ಹೊರಗಿನವರು. ಆಕೆ ಏನೂ ಹಾಕುತ್ತಿರಲಿಲ್ಲ. ಎಲ್ಲ ನೋಡುತ್ತಿದ್ದರು.

ಆಮೇಲೆ ಊರೂರೇ ಬಾಗಿಲು ಹಾಕಿಕೊಂಡ ಆ ಜ್ವರದ ಕಾಲ ಬಂತು. ನಮ್ಮ ಬೀದಿಯಲ್ಲಿ ಹೆಚ್ಚು ಕಡಿಮೆ ಎಲ್ಲರೂ ಮಲಗಿ ಎದ್ದೆವು. ಎಲ್ಲರಿಗೂ ವಾಸನೆ ಹೋಯಿತು, ಒಂದೆರಡು ವಾರದಲ್ಲಿ ಬಂತು. ಬಂದವರು ಬಂದವರಂತೆ ಗುಂಪಿನಲ್ಲಿ ಹೇಳಿಕೊಂಡರು. ಅಕ್ಕ ಏನೂ ಹೇಳಲಿಲ್ಲ. ಸರಿಹೋಗಿರಬೇಕು ಎಂದುಕೊಂಡೆವು. ಆದರೆ ಅವರ ಪ್ರಶ್ನೆ ಬದಲಾಗಿತ್ತು. ಹೇಗೆ ಮಾಡಿದೆ ಎಂದು ಕೇಳುತ್ತಿದ್ದವರು ಈಗ "ಎಂಗಿತ್ತು? ಉಣ್ವಾಗ ಎಂಗಿತ್ತು?" ಎಂದು ಕೇಳುತ್ತಿದ್ದರು. ನಾನದನ್ನು ಗಮನಿಸಿದರೂ ಯಾಕೆಂದು ಹೊಳೆಯಲಿಲ್ಲ.

ಶಾಲೆ ಇನ್ನೂ ಪೂರ್ತಿ ತೆರೆದಿರಲಿಲ್ಲ. ಒಂದು ಮಧ್ಯಾಹ್ನ ಮೊಸರಿಗೆ ಹೆಪ್ಪು ಕೇಳಲು ಅವರ ಮನೆಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಾಗಲೇ ಮೂಗಿಗೆ ಬಡಿಯಿತು. ಒಲೆಯ ಮೇಲಿನ ಹುಣಸೆ ಗೊಜ್ಜು ತಳ ಹತ್ತಿ ಸೀಯುತ್ತಿತ್ತು. ಅಕ್ಕ ಒಲೆಯ ಪಕ್ಕದಲ್ಲೇ ನಿಂತು ಹೆಪ್ಪಿಗೆ ಲೋಟ ಹುಡುಕುತ್ತ, ನನ್ನ ಜೊತೆ ಏನೋ ಮಾತಾಡುತ್ತಿದ್ದರು.

"ಅಕ್ಕಾ, ಸೀಯ್ತಾ ಇದೆ!"

ಅವರು ಒಲೆಯ ಕಡೆ ತಿರುಗಲಿಲ್ಲ. ಮೊದಲು ನನ್ನ ಮುಖ ನೋಡಿದರು. ನಾನು ಯಾವ ಕಡೆ ನೋಡುತ್ತಿದ್ದೇನೆ ಎಂದು ತಿಳಿದುಕೊಂಡು ಆಮೇಲೆ ಗ್ಯಾಸು ಆರಿಸಿದರು. ಬಾಣಲೆ ಇಳಿಸುವಾಗ ಅವರ ಅಂಗೈ ಕಂಡಿತು. ಬೆಳ್ಳಗಿತ್ತು. ಕಲೆ ಇರಲಿಲ್ಲ.

ಹೊರಬಾಗಿಲು ಹಾಕಿಬಂದು ಕೂತರು. "ಯಾರ್ಗೂ ಯೋಳ್ಬ್ಯಾಡ. ನಮ್ಮ ಯಜಮಾನ್ರಿಗೂ ಗೊತ್ತಿಲ್ಲ. ಉಪ್ಪು, ಉಳಿ, ಖಾರ ನಾಲ್ಗೆಗೆ ಗೊತ್ತಾಯ್ತದೆ. ಅಷ್ಟೇಯ. ಮೆಂತ್ಯ ಹುರುದ್ರೂ ಒಂದೇ, ಮಣ್ಣು ಹುರುದ್ರೂ ಒಂದೇ. ಸಾರು ಬಾಯ್ಗಿಟ್ರೆ ಉಪ್ಪಾಕಿದ ಬಿಸ್ನೀರು ಕುಡ್ದಂಗೆ." ಬೆಳ್ಳಗಾದ ಅಂಗೈ ನೋಡಿಕೊಂಡು ಹೇಳಿದರು, "ನೋಡಕ್ಕಾಗ್ದೆ ಇದ್ರೆ ಕುರುಡಿ ಅಂತಾರೆ, ಕೇಳ್ದೆ ಇದ್ರೆ ಕಿವುಡಿ ಅಂತಾರೆ. ಇದಕ್ಕೆ ಒಂದು ಎಸ್ರೂ ಇಲ್ಲ ಕಣವ್ವ."

ನಾನೇ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಂದರೆ ಬರಬಹುದು, ಬರದೆಯೂ ಇರಬಹುದು, ದಿನವೂ ನಾಲ್ಕಾರು ಘಾಟು ಪದಾರ್ಥ ಮೂಸಿ ಮೂಗಿಗೆ ಅಭ್ಯಾಸ ಮಾಡಿಸಿ ಎಂದರು ಅವರು. ಹಿಂತಿರುಗುವಾಗ ಅಕ್ಕ ಮಂಕಾಗಿರುತ್ತಾರೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಅವರು ಕೇಳಿದ್ದು, "ಮೂಗಿಗೆ ಪಾಠ ಮಾಡದು ಎಂಗಿದ್ದೀತು? ನೀನು ಟೀಚರಲ್ವಾ, ಯೋಳು."

ಪಾಠ ಮರುದಿನವೇ ಆರಂಭವಾಯಿತು. ಆದರೆ ಪಾಠ ಹೇಳಿಸಿಕೊಂಡವಳು ನಾನು. ಬೆಳಿಗ್ಗೆ ಲವಂಗ, ನಿಂಬೆ ಸಿಪ್ಪೆ, ಜಜ್ಜಿದ ಬೆಳ್ಳುಳ್ಳಿ, ಕಾಫಿಪುಡಿಯ ಬಟ್ಟಲುಗಳನ್ನು ಮುಂದಿಟ್ಟುಕೊಂಡು ಮೂಸುವರು. ಆಮೇಲೆ ನನಗೆ ಕೊಟ್ಟು, "ಎಂಗಿದೆ ಯೋಳು" ಎನ್ನುವರು. ನಾನು "ಚೆನ್ನಾಗಿದೆ" ಎಂದರೆ ಸಿಟ್ಟು. "ಚೆನ್ನಾಗಿದೆ ಅಂದ್ರೆ ಏನು? ನಿನ್ ಇಸ್ಕೂಲ್ ಮಕ್ಳು ಪರೀಕ್ಸೇಲಿ ಚೆನ್ನಾಗಿದೆ ಅಂತ ಬರ್ದು ಬಂದ್ರೆ ನಂಬರ್ ಕೊಟ್ಟೀಯಾ?"

ಹುಡುಕಿ ಹುಡುಕಿ ಹೇಳಬೇಕಾಯಿತು. ಹುರುಳಿ ಬಸಿದ ನೀರು ಬೆಳಗಿನ ಕೊಟ್ಟಿಗೆಯ ಹಾಗೆ, ಬೆಚ್ಚಗೆ. ಕರಿಬೇವು ಎಣ್ಣೆಗೆ ಬಿದ್ದಾಗ ಹೊಸ ಸ್ಲೇಟು ಒರೆಸಿದ ಹಾಗೆ. ಹುಚ್ಚೆಳ್ಳು ಹುರಿಯುವಾಗ ಬಿಸಿಲಲ್ಲಿ ಬಿಟ್ಟ ಚಾಪೆ. ಒಂದೊಂದಕ್ಕೂ ಅವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸುವರು. ಕೆಲವೊಮ್ಮೆ, "ಊಹ್ಞೂಂ, ಸುಳ್ಳು. ಇನ್ನೊಂದ್ಸಲ ಮೂಸು" ಎಂದು ಗದರುವರು. ಅದುವರೆಗೆ ಊಟ ಎಂದರೆ ಮುಗಿಸಬೇಕಾದ ಕೆಲಸ ಎಂದುಕೊಂಡಿದ್ದ ನಾನು, ನನ್ನ ಮೂಗಿನಲ್ಲಿ ಇಷ್ಟೆಲ್ಲ ಇತ್ತೇ ಎಂದು ಬೆರಗಾಗತೊಡಗಿದೆ. ಅವರು ಅಡುಗೆ ಬಿಡಲಿಲ್ಲ. ಸಾಸಿವೆ ಸಿಡಿಯುವ ಸದ್ದು, ಹಿಟ್ಟಿನ ಗುಳ್ಳೆ, ಬೆರಳಿಗೆ ಅಂಟುವ ಪಾಕ, ಅವುಗಳನ್ನೇ ಹಿಡಿದು ನಡೆದರು. ಉಳಿದದ್ದಕ್ಕೆ ನಾನಿದ್ದೆ. ಗಂಡನಿಗೆ ಆಗಲೂ ಗೊತ್ತಾಗಲಿಲ್ಲ.

ಕಷ್ಟ ಬಂದದ್ದು ಮಾರ್ನಮಿಗೆ ಮುಂಚಿನ ಪಿತೃಪಕ್ಷದಲ್ಲಿ. ಹಿರಿಯರಿಗೆ ಎಡೆ ಇಡುವ ಹಬ್ಬ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೇ ಮಾಡಿ ಎಲೆಗೆ ಬಡಿಸಬೇಕು. ಅಕ್ಕನ ಅತ್ತೆಯ ಹೆಸರು ಹೇಳಿದರೆ ಹುರುಳಿಕಾಳಿನ ಬಸ್ಸಾರು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ಅದನ್ನು ಕಾಳಿನ ಜೊತೆ ಅರೆದು, ಬಸಿದ ನೀರಿಗೆ ಕದಡಿ ಮಾಡುವ ಸಾರು. ಎಷ್ಟು ಸುಡಬೇಕು ಎಂಬುದರಲ್ಲೇ ಎಲ್ಲ ಇತ್ತು. ಕಡಿಮೆಯಾದರೆ ಹಸಿ, ಹೆಚ್ಚಾದರೆ ಕಹಿ. ಹದ ಹೇಳುವುದು ಮೂಗು ಮಾತ್ರ. ಪ್ರತಿ ವರ್ಷ ಹನೂರಿನ ನಾದಿನಿ ಬಂದು, ತಾಯಿಯ ಎಡೆಗೆ ಕೈಮುಗಿದು, ಉಂಡು, ಒಂದೇ ಮಾತು ಹೇಳಿ ಹೋಗುತ್ತಿದ್ದರಂತೆ: "ಚೆನ್ನಾಗದೆ ಅತ್ಗೆ. ಆದ್ರೆ ಅವ್ವಂದು ಬ್ಯಾರೆ."

"ಮೂಗಿದ್ದಾಗ್ಲೇ ಒಪ್ಲಿಲ್ಲ ಅವ್ಳು. ಈಗ ಏನ್ ಮಾಡ್ಲಿ?" ಎಂದರು ಅಕ್ಕ.

"ನಾನು ನೋಡಿ ಹೇಳ್ತೀನಲ್ಲ."

"ನಮ್ಮತ್ತೆ ಸಾರು ಉಂಡಿದ್ದೀಯಾ ನೀನು? ಕಾಣ್ದೆ ಇರದಕ್ಕೆ ಎಂಗ್ ಸಾಕ್ಸಿ ಯೋಳೀಯ?"

ಎರಡು ದಿನ ಒದ್ದಾಡಿದರು. ಮೂರನೇ ದಿನ ನನ್ನೆದುರಿಗೇ ಹನೂರಿಗೆ ಫೋನು ಮಾಡಿದರು. "ಅಬ್ಬದ್ ದಿನ ಬೆಳಗೇ ಬಂದ್ಬುಡಮ್ಮಿ. ಊಟದೊತ್ಗೆ ಬರ್ಬ್ಯಾಡ. ಒಲೆ ಅಚ್ಚೋ ಒತ್ಗೆ ಬಾ."

ನಾದಿನಿ ಬಂದರು. ಎತ್ತರದ ಹೆಂಗಸು, ತುಟಿ ಬಿಗಿದ ಮುಖ. ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದ ಅಕ್ಕ, ಕೈ ಒರೆಸಿಕೊಂಡು, ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟರು. ಜ್ವರ, ಮೂಗು, ಡಾಕ್ಟರು. ನಾನು ಹೊಂಗೆ ಸೌದೆ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡೆ.

ನಾದಿನಿ ಕೈಚೀಲ ಕೆಳಗಿಟ್ಟು ಅಕ್ಕನ ಮೂಗನ್ನೇ ನೋಡಿದರು. ಆಮೇಲೆ, "ಅದ್ಕೇನಾ ನೀನು ಗ್ರೂಪ್ನಲ್ಲಿ ಎಂಗಿತ್ತು ಎಂಗಿತ್ತು ಅಂತ ಎಲ್ರ ಪ್ರಾಣ ತಿಂತಿದ್ದಿದ್ದು?" ಎಂದರು.

"ಊ ಕಣಮ್ಮಿ."

"ನಂಗ್ಯಾಕೆ ಈಗ ಯೋಳ್ತಿದ್ದೀಯ?"

"ನಿಮ್ಮವ್ವನ ಸಾರಿನ ವಾಸ್ನೆ ಈಗ ಈ ಭೂಮಿ ಮ್ಯಾಲೆ ನಿನ್ನೊಬ್ಳ ತಾವ ಅದೆ. ನಿಮ್ಮಣ್ಣಂಗೆ ಕೋಳಿ ಸಾರ್ಗೂ ಕಾಳ್ ಸಾರ್ಗೂ ವ್ಯತ್ಯಾಸ ಗೊತ್ತಿಲ್ಲ. ನನ್ ಕೈ ಅದೆ. ನಿನ್ ಮೂಗು ಕೊಡು."

ನಾದಿನಿ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಒಲೆಯ ಎದುರು ಕುಕ್ಕರಗಾಲಲ್ಲಿ ಕೂತರು. ಆಗ ಹೊರಬಂತು: ಆಕೆಗೆ ಆ ಸಾರು ಮಾಡಲು ಬರುತ್ತಲೇ ಇರಲಿಲ್ಲ. "ಅವ್ವ ನನ್ನ ಒಲೆ ತಾವ ಬಿಡ್ತಾನೇ ಇರ್ಲಿಲ್ಲ. ನೀನು ಓಗೋಳು, ಓಗೋ ಮನೆ ಸಾರು ಕಲ್ತ್ಕೊ ಅನ್ನೋಳು. ಬಂದೋಳಿಗೆ ಕಲಿಸಿದ್ಲು."

ಅಕ್ಕ ಈರುಳ್ಳಿಯನ್ನು ಕೆಂಡದ ಮೇಲಿಟ್ಟರು. ಸಿಪ್ಪೆ ಚಟಪಟ ಎಂದಿತು.

"ಸಾಕಾ?"

"ಇನ್ನೂ ಅಸಿ. ಕಣ್ಣು ಉರೀತದೆ."

"ಈಗ?"

"ತಡಿ. ಮೇಲ್ಗಡೆ ಸಿಪ್ಪೆ ವಾಸ್ನೆ ಬತ್ತಾದೆ ಅಷ್ಟೇಯ... ತಿರುವು... ಈಗ ಸೀ ಬತ್ತಾದೆ. ಬೆಲ್ಲದಂಗೆ. ತಡಿ, ತಡಿ... ತಗಿ! ತಗಿ ಅತ್ಗೆ!"

ಅಕ್ಕ ಬರಿಗೈಯಲ್ಲೇ ಎತ್ತಿ ನೆಲಕ್ಕೆ ಉರುಳಿಸಿದರು. ಬೆಳ್ಳುಳ್ಳಿಗೂ ಹಾಗೇ, ಮೆಣಸಿನಕಾಯಿಗೂ ಹಾಗೇ. ಒಮ್ಮೆ ಮೀರಿತು, ಎಸೆದು ಮತ್ತೆ ಸುಟ್ಟರು. ಅಕ್ಕ ಪ್ರತಿ ಸಲವೂ ಕೇಳುತ್ತಿದ್ದರು: ಬೆಲ್ಲ ಅಂದ್ರೆ ಹಳೇ ಬೆಲ್ಲವಾ ಹೊಸ ಬೆಲ್ಲವಾ, ಸಿಪ್ಪೆ ವಾಸ್ನೆ ಬಟ್ಟೆ ಸುಟ್ಟಂಗಾ ಎಲೆ ಸುಟ್ಟಂಗಾ. ಮೊದಮೊದಲು ಸಿಡುಕಿದ ನಾದಿನಿ ಆಮೇಲೆ ತಾವೇ ಕಣ್ಣು ಮುಚ್ಚಿ ಹುಡುಕಿ ಹೇಳತೊಡಗಿದರು. ಅರೆಯುವಾಗ ಇಬ್ಬರೂ ಅತ್ತೆಯ ಬೈಗುಳ ನೆನೆದು ನಕ್ಕರು.

ಸಾರು ಕುದಿಯಿತು. ನಾದಿನಿ ಅಂಗೈಗೆ ಬಿಟ್ಟುಕೊಂಡು ಹೀರಿದರು. ಅಕ್ಕನ ಕಣ್ಣು ಅವರ ಮುಖದ ಮೇಲೇ.

"ಎಂಗಿದೆ?"

ನಾದಿನಿ ಸಿಕ್ಕಿಸಿದ ಸೆರಗು ಬಿಡಿಸಿಕೊಂಡರು. ಎದ್ದರು. "ಉಪ್ಪು ಒಸಿ ಕಮ್ಮಿ" ಎಂದು ಅಷ್ಟು ಹೇಳಿ, ಬಚ್ಚಲ ಕಡೆಗೆ ಹೋಗಿ ಮುಖಕ್ಕೆ ನೀರು ಚಿಮುಕಿಸಿಕೊಳ್ಳತೊಡಗಿದರು. ಆ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಅಕ್ಕ ಸೌಟಿನಿಂದ ಒಂದು ತೊಟ್ಟು ನಾಲಿಗೆಗೆ ತಾಕಿಸಿಕೊಂಡರು. ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಉಪ್ಪು ಸರ್ಯಾಗೇ ಅದೆ. ಅದೊಂದು ನಂಗೊತ್ತಾಯ್ತದೆ." ಅವರ ಮುಖ ಬೆಳಗಿತ್ತು. ಉಪ್ಪಿನ ಡಬ್ಬಿ ಮುಟ್ಟಲಿಲ್ಲ. ಆ ಮಧ್ಯಾಹ್ನ ನಾದಿನಿ ಮೂರು ಸಲ ಬಡಿಸಿಕೊಂಡರು. ಹೋಗುವಾಗ ಆ ಹಳೆಯ ಮಾತು ಹೇಳಲಿಲ್ಲ.

ವಾಸನೆ ಬಂದದ್ದು ಮುಂದಿನ ಬೇಸಿಗೆಯಲ್ಲಿ, ಅದೂ ಅಡುಗೆಯದಲ್ಲ. ಒಂದು ಸಂಜೆ ಬೀದಿಗೆ ಕೇಳುವ ಹಾಗೆ ಕೂಗಿದರು, "ಟೀಚರವ್ವಾ, ಓಡ್ಬಾ!" ಏನಾಯಿತೋ ಎಂದು ಓಡಿದೆ. ಟೆಂಪೊ ನಿಲ್ಲಿಸಿ ಬಂದ ಗಂಡನನ್ನು ಅಡುಗೆಮನೆಯ ನಡುವೆ ನಿಲ್ಲಿಸಿಕೊಂಡು, ಅವರ ಅಂಗಿಯ ತೋಳಿಗೆ ಮೂಗೊತ್ತಿ ನಿಂತಿದ್ದರು.

"ಡೀಸಲ್ ಕಣೇ! ಡೀಸಲ್ ಬತ್ತಾದೆ!"

ಮದುವೆಯಾದಾಗಿನಿಂದ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಟ್ಟರೆ ಬೈಸಿಕೊಳ್ಳುತ್ತಿದ್ದ ಆ ಮನುಷ್ಯ, ಕೈ ಎರಡೂ ಮೇಲೆತ್ತಿಕೊಂಡು ಕಂಗಾಲಾಗಿ ನನ್ನನ್ನು ನೋಡುತ್ತಿದ್ದರು. ಆಗಲೇ ಅವರಿಗೆ ವಿಷಯ ತಿಳಿದದ್ದು. ಒಂದು ವಾರ ಅಕ್ಕ ಅವರನ್ನು ಅದೇ ಅಂಗಿಯಲ್ಲಿ ಒಲೆಯ ಪಕ್ಕ ಕೂರಿಸಿಕೊಂಡು ಅಡುಗೆ ಮಾಡಿದರು. ಡೀಸೆಲ್ ಹಿಂದೆ ಬೆಳ್ಳುಳ್ಳಿ ಬಂತು, ಬಹಳ ದಿನದ ಮೇಲೆ ಮೆಂತ್ಯ. ಕೊತ್ತಂಬರಿ ಕೊನೆಗೂ ಬರಲಿಲ್ಲ. "ಓಗ್ಲಿ ಬುಡು, ಅದು ಯಾವಾಗ್ಲೂ ಒಸಿ ಬಿಂಕದ್ದೇಯ" ಎಂದರು.

ನನಗೆ ಯಳಂದೂರಿಗೆ ವರ್ಗವಾಯಿತು. ನಮ್ಮೂರೇ ಆದ್ದರಿಂದ ಖುಷಿಯಾಗಿ ಹೋದೆ. ಗುಂಪಿನಲ್ಲಿ ದಿನವೂ ಅವರ ದನಿ ಕೇಳುತ್ತಿತ್ತು. ಕಳೆದ ವರ್ಷ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಿತಂತೆ. ಗಂಡ ಟೆಂಪೊದಲ್ಲೇ ಮಲಗಿಸಿಕೊಂಡು ಹೊರಟರು. ಅಕ್ಕ ದಾರಿಯಲ್ಲೇ ಹೋಗಿಬಿಟ್ಟರು. ನಾನು ತಲುಪುವಷ್ಟರಲ್ಲಿ ಜಗುಲಿಯ ಮೇಲೆ ಮಲಗಿಸಿದ್ದರು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀದಿಯ ಮನೆ ಮನೆಯಿಂದ ಪಾತ್ರೆಗಳು ಬಂದವು. ಯಾರೂ ಹೇಳಿಕೊಡದೆ ಪ್ರತಿಯೊಬ್ಬಳೂ ಪಾತ್ರೆ ಇಡುವಾಗ ಅದರೊಳಗೆ ಏನಿದೆ, ಹೇಗೆ ಮಾಡಿದ್ದು ಎಂದು ಪೂರ್ತಿ ಹೇಳಿ ಇಡುತ್ತಿದ್ದಳು. "ಅವರೆಕಾಳು ಅಣ್ಣ, ರಾತ್ರಿ ನೆನೆಸಿದ್ದು, ಚಕ್ಕೆ ಆಕಿಲ್ಲ." ಅಕ್ಕನ ಗಂಡ ಗೋಡೆಗೊರಗಿ ಕೂತು ಒಂದೊಂದಕ್ಕೂ ತಲೆ ಆಡಿಸುತ್ತಿದ್ದರು.

ನನ್ನ ತಾಯಿ ಈಗ ಯಳಂದೂರಿನಲ್ಲಿ, ಅಪ್ಪನ ಮನೆಯಲ್ಲೇ, ನನ್ನ ಜೊತೆ ಇದ್ದಾರೆ. ಅಪ್ಪ ಹೋದ ಮೇಲೆ ಮಾತು ಕಡಿಮೆ. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೆ. ಮೊನ್ನೆ ಭಾನುವಾರ ಇಬ್ಬರೂ ಕೂತು ಸೊಪ್ಪು ಬಿಡಿಸುತ್ತಿದ್ದೆವು. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಮೊದಲು ಏನು ಅಡುಗೆ ಮಾಡಿದಿರಿ ಎಂದು ಕೇಳಿದೆ. ಅಕ್ಕನ ಜೊತೆ ಅಷ್ಟು ವರ್ಷ ಇರದಿದ್ದರೆ ನನಗೆ ಆ ಪ್ರಶ್ನೆ ಹೊಳೆಯುತ್ತಿರಲಿಲ್ಲ, ಹೊಳೆದರೂ ಉತ್ತರಕ್ಕೆ ಕಾಯುತ್ತಿರಲಿಲ್ಲ.

ಅಮ್ಮ ಒಂದು ಕಟ್ಟು ಸೊಪ್ಪಿನ ದಂಟನ್ನೆಲ್ಲ ಮುರಿದು ಮುಗಿಸಿದರು. "ಮಾಡಿದ್ದೆಲ್ಲಿ? ನಂಗೆ ಮುದ್ದೆ ತಿರುವೋಕೇ ಬರ್ತಿರ್ಲಿಲ್ಲ. ನಮ್ಮೂರು ಗದ್ದೆ ಊರು, ಬರೀ ಅನ್ನ. ಇಲ್ಲಿ ನೋಡಿದ್ರೆ ಮನೆ ತುಂಬ ಜನ, ಮುದ್ದೆ ಇಲ್ದೆ ಏಳೋರಲ್ಲ. ಮೊದಲ ದಿನ ಗಂಟು ಗಂಟಾಗಿ ಅಳ್ತಾ ಕೂತಿದ್ದೆ."

"ಆಮೇಲೆ?"

"ನಿಮ್ಮಪ್ಪ ಹಿತ್ತಲ ಬಾಗಿಲಿಂದ ಬಂದ್ರು. ಏನೂ ಮಾತಾಡ್ಲಿಲ್ಲ. ತಿರುವಿ ಕಟ್ಟಿಟ್ಟು, ಮತ್ತೆ ಹಿತ್ತಲಿಂದಲೇ ಹೋಗಿ, ಸುತ್ತು ಹಾಕ್ಕೊಂಡು ಮುಂಬಾಗಿಲಿಂದ ಬಂದು, 'ಊಟಕ್ಕೆ ಬಡ್ಸು' ಅಂತ ಕೂಗಿದ್ರು. ನಾನು ಕಲಿಯೋ ತನಕ ದಿನಾ ಹಾಗೇ. ನಿಮ್ಮಜ್ಜಿಗೆ ಸಾಯೋ ತನಕ ಗೊತ್ತಾಗ್ಲಿಲ್ಲ."

ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ಒಮ್ಮೆಯೂ ಕಾಣದ ಅಪ್ಪ! ಪಾತ್ರೆ ಎಲ್ಲಿ ಒತ್ತಿ ಹಿಡಿಯುತ್ತಿದ್ದರು, ಕೋಲು ಯಾವ ಕೈಯಲ್ಲಿ ಎಂದೆಲ್ಲ ಕೇಳಿದೆ. ಅಮ್ಮ ನಗುತ್ತ, ಮಡಿಲ ಸೊಪ್ಪೆಲ್ಲ ನೆಲಕ್ಕೆ ಚೆಲ್ಲುವ ಹಾಗೆ ಎದ್ದು ನಿಂತು, ಎರಡು ಪಾದಗಳ ನಡುವೆ ಇಲ್ಲದ ಪಾತ್ರೆಯನ್ನು ಒತ್ತಿ ಹಿಡಿದು, ಎರಡೂ ಕೈಯಲ್ಲಿ ಗಾಳಿಯನ್ನು ಗಟ್ಟಿಯಾಗಿ ಹಿಡಿದು, ಅಪ್ಪನ ಹಾಗೆ ತಿರುವಿ ತೋರಿಸಿದರು.